ಶುಶ್ರೂಷಕಿಯ ಶುಶ್ರೂಷೆ

ಶುಶ್ರೂಷೆ ಎಂಬ ಶಬ್ದವನ್ನು ಲೋಕವು ಸೇವೆ, ಉಪಚಾರ, ಆರೈಕೆ ಎಂಬ ಅರ್ಥಗಳಲ್ಲಿ ಬಳಸುತ್ತ ಬಂದಿದೆ. ಆ ಶಬ್ದದ ಮೂಲವನ್ನು ಅರಸಿ ಹೊರಟವರಿಗೆ ಅಲ್ಲಿ ಬೇರೊಂದು ಅರ್ಥವೂ ಗೋಚರಿಸುತ್ತದೆ. ‘ಶ್ರು’ ಎಂಬ ಧಾತುವಿಗೆ ಕೇಳು ಎಂಬುದು ಅರ್ಥ. ಇಚ್ಛೆಯನ್ನು ಸೂಚಿಸುವ ಸನ್ ಪ್ರತ್ಯಯವು ಅದಕ್ಕೆ ಸೇರಿ, ಧಾತುವು ದ್ವಿರುಕ್ತಿಗೊಂಡಾಗ, ಕೇಳಬೇಕೆಂಬ ಬಯಕೆ ಎಂಬ ಅರ್ಥದ ಶುಶ್ರೂಷಾ ಶಬ್ದವು ನಿಷ್ಪನ್ನವಾಗುತ್ತದೆ. ಗುರುವಿನ ಮಾತನ್ನು ಕೇಳಲು ಹಾತೊರೆದು ಬಳಿಯಲ್ಲಿ ನಿಲ್ಲುವ ಶಿಷ್ಯನ ನಡತೆಗೆ ಸಲ್ಲುವ ಈ ಹೆಸರು, ರೋಗಿಯ ನರಳಿಕೆಯನ್ನು ಕೇಳಲು ಮಂಚದ ಬಳಿ ನಿಲ್ಲುವವರ ವೃತ್ತಿಗೂ ಸಂದಿರುವುದು ಉಚಿತವೇ ಆಗಿದೆ. ಮದ್ದು ಕೊಡುವುದು, ಗಾಯ ಕಟ್ಟುವುದು, ಸೂಜಿ ಚುಚ್ಚುವುದು ಇವೆಲ್ಲ ಶುಶ್ರೂಷೆಯ ಅಂಗಗಳೇ ಹೊರತು ಅದರ ಪ್ರಾಣವಲ್ಲ. ಕೇಳುವ ಕಿವಿ, ಕೇಳಬೇಕೆನ್ನುವ ಮನಸ್ಸು, ಇವೇ ಅದರ ಪ್ರಾಣ.

ಹೀಗೆ ಹಗಲಿರುಳೂ ಪರರ ನೋವನ್ನು ಕೇಳುವವಳ ನೋವನ್ನು ಕೇಳುವವರು ಯಾರು? ಬಹುಕಾಲ ಯಾರೂ ಕೇಳದೆ ಉಳಿದ ಈ ಪ್ರಶ್ನೆಯು ಈಚಿನ ವರ್ಷಗಳಲ್ಲಿ ಆಸ್ಪತ್ರೆಗಳಲ್ಲಿಯೂ ಶುಶ್ರೂಷಾ ವಿದ್ಯಾಲಯಗಳಲ್ಲಿಯೂ ತಲೆಯೆತ್ತಿದೆ. ಶುಶ್ರೂಷಕಿಯರಿಗೆ ತಮ್ಮ ದೇಹವನ್ನೂ ಮನಸ್ಸನ್ನೂ ತಾವೇ ಕಾಪಾಡಿಕೊಳ್ಳುವ ಶಿಕ್ಷಣವನ್ನು ಕ್ರಮಬದ್ಧವಾಗಿ ಕೊಡಬೇಕೆಂಬುದು ಅದಕ್ಕೆ ಸಿಕ್ಕಿರುವ ಒಂದು ಉತ್ತರ. ಈ ಉತ್ತರವು ಕೆಲವರಿಗೆ ಸ್ವಾರ್ಥದ ಮಾತಾಗಿ ಕೇಳಿಸುತ್ತದೆ. ಮತ್ತೆ ಕೆಲವರಿಗೆ ಆಡಳಿತವರ್ಗದ ಕಣ್ಕಟ್ಟಾಗಿ ತೋರುತ್ತದೆ. ಎರಡು ಆಕ್ಷೇಪಗಳನ್ನೂ ತೂಗಿ ನೋಡಿಯೇ ಒಂದು ನಿರ್ಣಯಕ್ಕೆ ಬರಬೇಕು. ಅದಕ್ಕೆ ಊರಿಗಾಮಿನಂತಹ ಊರಿಗಿಂತ ತಕ್ಕ ನೆಲೆ ಬೇರೊಂದು ದೊರಕಲಾರದು.

ಊರಿಗಾಮಿನ ಕಥೆ ಎಲ್ಲರಿಗೂ ತಿಳಿದದ್ದೇ. 1880ರಲ್ಲಿ ಜಾನ್ ಟೇಲರ್ ಕಂಪನಿಯವರು ಕೈಹಾಕಿದ ಕೋಲಾರದ ಚಿನ್ನದ ಗಣಿಗಳು 2001ರ ಫೆಬ್ರವರಿ 28ರಂದು ಬಾಗಿಲು ಮುಚ್ಚಿದವು. ನೂರಿಪ್ಪತ್ತು ವರ್ಷಗಳ ಆ ಅವಧಿಯಲ್ಲಿ ಮನುಷ್ಯನು ಚಾಂಪಿಯನ್ ರೀಫ್ ಗಣಿಯಲ್ಲಿ ನೆಲದಿಂದ ಕೆಳಕ್ಕೆ ಮೂರು ಕಿಲೋಮೀಟರಿಗೂ ಮಿಕ್ಕ ಆಳಕ್ಕೆ ಇಳಿದನು. ಅಲ್ಲಿ ಬಂಡೆ ಸಿಡಿಯುತ್ತಿತ್ತು, ಕಾವು ಮೈಯನ್ನು ಬೇಯಿಸುತ್ತಿತ್ತು, ಕಲ್ಲಿನ ಧೂಳು ಎದೆಯೊಳಗೆ ಇಳಿಯುತ್ತಿತ್ತು. ಗಾಯಗೊಂಡವರನ್ನೂ ಕೆಮ್ಮಿ ಸೊರಗಿದವರನ್ನೂ ಬರಮಾಡಿಕೊಳ್ಳಲು ಚಾಂಪಿಯನ್ ರೀಫಿನಲ್ಲಿ ಗಣಿಯವರದೇ ದೊಡ್ಡ ಆಸ್ಪತ್ರೆ ಇದ್ದಿತು. ಚಿನ್ನದ ಇತಿಹಾಸವನ್ನು ಬರೆದವರು ಅಗೆದವರ ಹೆಸರನ್ನೇ ಸರಿಯಾಗಿ ಬರೆದಿಲ್ಲ; ಅಗೆದು ಬಿದ್ದವರ ಹಾಸಿಗೆಯ ಬಳಿ ಇರುಳೆಲ್ಲ ಎದ್ದಿದ್ದವರ ಹೆಸರನ್ನು ಬರೆಯುವುದು ದೂರದ ಮಾತು. ಗಣಿಯೊಡನೆ ಆಸ್ಪತ್ರೆಯೂ ಪಾಳುಬಿದ್ದಿತು. 2021ರಲ್ಲಿ ಕೊರೊನಾದ ಎರಡನೆಯ ಅಲೆ ಎದ್ದಾಗ ಊರಿನ ಸ್ವಯಂಸೇವಕರು ಆ ಕಟ್ಟಡದ ಧೂಳು ಕೊಡವಿ, ಹಾಸಿಗೆಗಳನ್ನು ಹಾಸಿ, ಮತ್ತೆ ರೋಗಿಗಳಿಗಾಗಿ ಸಿದ್ಧಗೊಳಿಸಿದರು. ಎರಡು ದಶಕ ಮುಚ್ಚಿದ್ದ ಕಟ್ಟಡವನ್ನು ಕೆಲವೇ ದಿನಗಳಲ್ಲಿ ತೆರೆಯಬಹುದು. ಆದರೆ ಅದರೊಳಗೆ ನಿಂತು ಕೆಲಸ ಮಾಡುವ ಒಬ್ಬ ದಾದಿಯನ್ನು ಕೆಲವೇ ದಿನಗಳಲ್ಲಿ ಸಿದ್ಧಪಡಿಸಲಾಗುವುದಿಲ್ಲ. ಬಸವಳಿದು ಬಿದ್ದ ದಾದಿಯನ್ನು ಕೆಲವೇ ದಿನಗಳಲ್ಲಿ ಎಬ್ಬಿಸಿ ನಿಲ್ಲಿಸಲೂ ಆಗುವುದಿಲ್ಲ. ಆ ಎರಡನೆಯ ಅಲೆಯು ಕಲಿಸಿಹೋದ ಪಾಠ ಇದು.

ಗಣಿ ಮುಚ್ಚಿದಂದಿನಿಂದ ಈ ಊರಿನ ಜೀವನವು ರೈಲಿನ ವೇಳೆಯನ್ನು ಅನುಸರಿಸಿ ನಡೆಯುತ್ತಿದೆ. ಮಾರಿಕುಪ್ಪಂ, ಚಾಂಪಿಯನ್, ಊರಿಗಾಂ, ಕೋರಮಂಡಲ್ ನಿಲ್ದಾಣಗಳಲ್ಲಿ ಇನ್ನೂ ಕತ್ತಲೆಯಿರುವಾಗಲೇ ಜನ ರೈಲು ಹತ್ತಿ, ಬಂಗಾರಪೇಟೆಯನ್ನು ದಾಟಿ, ಬೆಂಗಳೂರಿನ ಕೆಲಸಗಳಿಗೆ ಹೋಗುತ್ತಾರೆ. ಕಾರ್ಖಾನೆಯ ಕೆಲಸಗಾರರಂತೆ, ಅಂಗಡಿಯ ಗುಮಾಸ್ತರಂತೆ, ಆಸ್ಪತ್ರೆಯ ದಾದಿಯರೂ ಆ ಪ್ರಯಾಣಿಕರಲ್ಲಿದ್ದಾರೆ. ಅಂತಹ ಒಬ್ಬಳ ದಿನಚರಿಯನ್ನು ಮನಸ್ಸಿಗೆ ತಂದುಕೊಳ್ಳಬಹುದು. ನಸುಕಿಗೆ ಮೊದಲೇ ಎದ್ದು ಮಕ್ಕಳ ಬುತ್ತಿ ಕಟ್ಟಿ, ಹೋಗುವಾಗ ಎರಡು ಗಂಟೆ ಬರುವಾಗ ಎರಡು ಗಂಟೆ ರೈಲಿನಲ್ಲಿ ಕಳೆದು, ನಡುವೆ ಎಂಟು ಗಂಟೆಗೆ ಕಡಮೆಯಿಲ್ಲದ ಡ್ಯೂಟಿಯನ್ನು ಕಾಲ ಮೇಲೆ ನಿಂತೇ ಮುಗಿಸುವವಳು ಅವಳು. ಮುಂದಿನ ಪಾಳಿಯವಳು ಬಾರದಿದ್ದರೆ ಆ ಪಾಳಿಯೂ ಇವಳ ಹೆಗಲಿಗೇ. ಬೆಳಗ್ಗೆ ತಲೆ ಬಾಚಿದ್ದ ಅಜ್ಜಿ ಮಧ್ಯಾಹ್ನ ತೀರಿಕೊಂಡರೆ, ಆ ಹಾಸಿಗೆಯ ಬಟ್ಟೆ ಬದಲಾಯಿಸಿ ಮುಂದಿನ ರೋಗಿಯನ್ನು ನಗುಮುಖದಿಂದ ಮಲಗಿಸಬೇಕು. ಮನೆಗೆ ಬಂದರೆ ಅಲ್ಲಿ ಕಾಯಿಲೆಯ ಅತ್ತೆ, ಓದಿಸಬೇಕಾದ ಮಕ್ಕಳು. ಸಣ್ಣಮಾತಿಗೆ ಸಿಡುಕಿದರೆ, ಸಿಸ್ಟರಾಗಿಯೂ ಇಷ್ಟು ಕೋಪವೇ ಎಂಬ ಟೀಕೆ ಬೇರೆ.

ಇಂತಹ ದಿನಗಳು ವರ್ಷಗಟ್ಟಲೆ ಕೂಡಿದಾಗ ಉಂಟಾಗುವ ಸ್ಥಿತಿಗೆ ಆಂಗ್ಲರು ಬರ್ನ್‌ಔಟ್ ಎಂದು ಹೆಸರಿಟ್ಟಿದ್ದಾರೆ. 1974ರಲ್ಲಿ ಅಮೆರಿಕದ ಮನೋವಿಜ್ಞಾನಿ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್ ಎಂಬವರು ಪರೋಪಕಾರದ ಕೆಲಸದಲ್ಲಿ ತೊಡಗಿದವರಲ್ಲಿಯೇ ಇದನ್ನು ಕಂಡು ವಿವರಿಸಿದರು. ಕನ್ನಡದಲ್ಲಿ ಬಸವಳಿಕೆ ಎಂದರೆ ಸಲ್ಲುತ್ತದೆ. ಎಣ್ಣೆ ಇರುವ ತನಕ ಹಣತೆ ಎಣ್ಣೆಯನ್ನು ಉರಿಸುತ್ತದೆ. ಎಣ್ಣೆ ತೀರಿದ ಮೇಲೆ ತನ್ನ ಬತ್ತಿಯನ್ನೇ ಸುಡತೊಡಗುತ್ತದೆ. ಆಗಲೂ ಸ್ವಲ್ಪಹೊತ್ತು ಬೆಳಕು ಕಾಣುತ್ತದೆಯಾದುದರಿಂದ ನೋಡುವವರಿಗೆ ವ್ಯತ್ಯಾಸ ತಿಳಿಯುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಅಂಗೀಕೃತವಾದ ತನ್ನ ರೋಗವರ್ಗೀಕರಣದಲ್ಲಿ ಇದನ್ನು ರೋಗವೆಂದು ಕರೆಯದೆ, ಸರಿಯಾಗಿ ನಿಭಾಯಿಸದ ಉದ್ಯೋಗದ ಒತ್ತಡದಿಂದ ಹುಟ್ಟುವ ಸ್ಥಿತಿಯೆಂದು ಗುರುತಿಸಿತು. ಅದರ ಲಕ್ಷಣಗಳು ಮೂರು: ಶಕ್ತಿಯೆಲ್ಲ ಬತ್ತಿಹೋದ ಆಯಾಸ, ಮಾಡುವ ಕೆಲಸದ ಮೇಲೆ ಹುಟ್ಟುವ ಜಿಗುಪ್ಸೆ ಮತ್ತು ದೂರಭಾವ, ತನ್ನ ಕೈಯಿಂದ ಏನೂ ಆಗುತ್ತಿಲ್ಲವೆಂಬ ಅನಿಸಿಕೆ.

ಈ ಲಕ್ಷಣಗಳನ್ನು ಓದುವಾಗ ಚರಕಸಂಹಿತೆಯನ್ನು ಬಲ್ಲವರಿಗೆ ಅದರ ಚತುಷ್ಪಾದ ವಿಚಾರವು ನೆನಪಾಗದೆ ಇರದು. ಚಿಕಿತ್ಸೆಯೆಂಬುದು ನಾಲ್ಕು ಕಾಲುಗಳ ಮೇಲೆ ನಿಲ್ಲುತ್ತದೆ: ವೈದ್ಯ, ಔಷಧ, ಉಪಸ್ಥಾತೃ, ರೋಗಿ. ಉಪಸ್ಥಾತೃ ಎಂದರೆ ಬಳಿಯಲ್ಲಿ ನಿಲ್ಲುವವನು, ಅಂದರೆ ಶುಶ್ರೂಷಕ. ಅವನಿಗೆ ಹೇಳಿರುವ ಗುಣಗಳೂ ನಾಲ್ಕೇ: ಉಪಚಾರದ ತಿಳಿವು, ದಕ್ಷತೆ, ಅನುರಾಗ, ಶುಚಿತ್ವ. ಇವುಗಳಲ್ಲಿ ತಿಳಿವನ್ನು ಪುಸ್ತಕದಿಂದ ಕಲಿಸಬಹುದು, ದಕ್ಷತೆಯನ್ನು ಅಭ್ಯಾಸದಿಂದ ಕಲಿಸಬಹುದು, ಶುಚಿತ್ವವನ್ನು ಶಿಸ್ತಿನಿಂದ ಕಲಿಸಬಹುದು. ಅನುರಾಗವನ್ನು ಹೇಗೆ ಕಲಿಸುವುದು? ಅದನ್ನು ಕಲಿಸಲಾಗುವುದಿಲ್ಲ, ಕಾಪಾಡಬಹುದು ಅಷ್ಟೆ. ಈ ವೃತ್ತಿಯನ್ನು ಆರಿಸಿಕೊಂಡು ಬರುವ ಹದಿನೆಂಟರ ಹುಡುಗಿಯ ಎದೆಯಲ್ಲಿ ಅದು ಬಹುಮಟ್ಟಿಗೆ ಮೊದಲೇ ಇರುತ್ತದೆ. ಬಸವಳಿಕೆಯು ಮೊದಲು ಆವರಿಸುವುದು ಆ ಅನುರಾಗವನ್ನೇ. ಕೈ ಇನ್ನೂ ಕೆಲಸ ಮಾಡುತ್ತಿರುತ್ತದೆ, ಬುದ್ಧಿ ಇನ್ನೂ ಲೆಕ್ಕ ತಪ್ಪಿರುವುದಿಲ್ಲ; ಆದರೆ ಹಾಸಿಗೆಯ ಮೇಲಿರುವವನು ಹೆಸರುಳ್ಳ ಮನುಷ್ಯನಾಗಿ ಕಾಣದೆ ಒಂದು ಸಂಖ್ಯೆಯಾಗಿ ಕಾಣತೊಡಗುತ್ತಾನೆ. ಕೇಳುವ ಕಿವಿ ಮುಚ್ಚಿತೆಂದರೆ ಶುಶ್ರೂಷೆಯೆಂಬ ಹೆಸರು ಉಳಿದು ಅರ್ಥ ಹೊರಟುಹೋಗುತ್ತದೆ.

ಕೋಲಾರದ ಗಣಿಗಳಲ್ಲಿ ಕಾಣಿಸಿಕೊಂಡ ಸಿಲಿಕೋಸಿಸ್ ರೋಗವು ಭಾರತದ ವೈದ್ಯಕೀಯ ಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ. 1940ರ ದಶಕದಲ್ಲಿಯೇ ಇಲ್ಲಿಯ ಕೆಲಸಗಾರರ ತಪಾಸಣೆಯ ವರದಿಗಳು ಪ್ರಕಟವಾದವು. ಆ ರೋಗದ ಬಗೆಯೇ ವಿಚಿತ್ರ. ಧೂಳಿನ ಒಂದು ಕಣವು ಯಾರನ್ನೂ ಕೊಲ್ಲುವುದಿಲ್ಲ. ಒಂದು ದಿನದ ಧೂಳೂ ಕೊಲ್ಲುವುದಿಲ್ಲ. ಉಸಿರಿನೊಡನೆ ಒಳಹೊಕ್ಕ ಕಣಗಳು ಶ್ವಾಸಕೋಶದಲ್ಲಿ ತಳವೂರಿ, ಸುತ್ತ ಗಂಟು ಕಟ್ಟಿ, ಹತ್ತಿಪ್ಪತ್ತು ವರ್ಷಗಳ ಮೇಲೆ ಗಟ್ಟಿಮುಟ್ಟಾದ ಆಳನ್ನು ನಾಲ್ಕು ಮೆಟ್ಟಿಲು ಹತ್ತಲಾರದಂತೆ ಮಾಡುತ್ತವೆ. ಗಾಯವಾದರೆ ಎಲ್ಲರಿಗೂ ಕಾಣುತ್ತದೆ, ಧೂಳು ಕಾಣುವುದಿಲ್ಲ. ಶುಶ್ರೂಷಕಿಯ ಮನಸ್ಸಿನಲ್ಲಿ ಕೂಡಿಕೊಳ್ಳುವ ನೋವೂ ಇದೇ ಜಾತಿಯದು. ಒಂದು ಸಾವು, ಒಂದು ಬೈಗುಳ, ನಿದ್ದೆಯಿಲ್ಲದ ಒಂದು ರಾತ್ರಿ ಯಾರನ್ನೂ ಕೆಡವುವುದಿಲ್ಲ. ಅವು ಹೊರಬೀಳಲು ದಾರಿಯಿಲ್ಲದೆ ಒಳಗೇ ಉಳಿದಾಗ ಕೆಡವುತ್ತವೆ. ಆದುದರಿಂದ ಹತ್ತು ವರ್ಷದ ಸೇವೆಯ ನಂತರ ಸಲಹೆ ಕೊಡಹೊರಡುವುದಕ್ಕಿಂತ, ವೃತ್ತಿಗೆ ಕಾಲಿಡುವ ದಿನವೇ ಆ ಧೂಳನ್ನು ಗುರುತಿಸುವ, ಕೊಡವುವ ವಿದ್ಯೆಯನ್ನು ಕಲಿಸುವುದು ಲೇಸು.

ಸಮಾಜವು ಈ ತನಕ ಆಕೆಗೆ ಕೊಟ್ಟಿರುವುದೇನು? ಒಂದು ಬಿರುದು. ಆಕೆಯನ್ನು ದೇವತೆಯೆಂದು ಕರೆದಿದೆ. 2020ರ ಮಾರ್ಚ್ 22ರ ಸಂಜೆ ದೇಶವೆಲ್ಲ ಬಾಗಿಲಲ್ಲಿ ನಿಂತು ಚಪ್ಪಾಳೆ ತಟ್ಟಿತು. ಅದೇ ವರ್ಷದ ಮೇ 3ರಂದು ಆಸ್ಪತ್ರೆಗಳ ಮೇಲೆ ಆಕಾಶದಿಂದ ಹೂಮಳೆ ಕರೆಯಿತು. ಕೃತಜ್ಞತೆಯನ್ನು ತೋರುವುದು ತಪ್ಪಲ್ಲ. ಆದರೆ ದೇವತೆಯೆಂಬ ಬಿರುದಿನೊಳಗೆ ಒಂದು ನಿರ್ದಯೆಯೂ ಅಡಗಿದೆ. ದೇವತೆಗಳು ಅನಿಮಿಷರು, ರೆಪ್ಪೆ ಬಡಿಯದವರು. ಅವರಿಗೆ ನಿದ್ದೆಯೂ ಇಲ್ಲ, ಬೆವರೂ ಇಲ್ಲ, ಹಸಿವೂ ಇಲ್ಲ. ಆಕೆಯನ್ನು ಒಮ್ಮೆ ಆ ಪೀಠದ ಮೇಲೆ ಕೂರಿಸಿದರಾಯಿತು, ಊಟದ ವೇಳೆಯನ್ನೂ ವಾರದ ರಜೆಯನ್ನೂ ಕುರಿತು ವಿಚಾರಿಸುವ ಹೊಣೆ ತಪ್ಪುತ್ತದೆ. ಭಾರತದ ನಳೋಪಾಖ್ಯಾನದಲ್ಲಿ ದಮಯಂತಿಯ ಸ್ವಯಂವರಕ್ಕೆ ನಾಲ್ವರು ದೇವತೆಗಳು ನಳನ ರೂಪವನ್ನೇ ತಾಳಿ ಬಂದು ಕುಳಿತಾಗ, ಆಕೆ ನಿಜವಾದ ನಳನನ್ನು ಗುರುತಿಸಿದ್ದು ಯಾವುದರಿಂದ? ಅವನ ರೆಪ್ಪೆ ಬಡಿಯಿತು, ಹಣೆ ಬೆವರಿತು, ಮಾಲೆ ಬಾಡಿತ್ತು, ಮೈಗೆ ಧೂಳು ಹತ್ತಿತ್ತು, ಪಾದ ನೆಲವನ್ನು ಮುಟ್ಟಿತ್ತು. ಆ ಕುರುಹುಗಳನ್ನು ನೋಡಿಯೇ ದಮಯಂತಿ ದೇವತೆಗಳನ್ನು ಬಿಟ್ಟು ಮನುಷ್ಯನನ್ನು ವರಿಸಿದಳು. ಶುಶ್ರೂಷಕಿಯನ್ನು ನೋಡುವ ಸಮಾಜಕ್ಕೂ ಆ ಕಣ್ಣು ಬರಬೇಕು. ಬೆವರುವವಳು, ಬಳಲುವವಳು, ನಿದ್ದೆ ಬೇಕಾದವಳು ಎಂದು ಆಕೆಯನ್ನು ಗುರುತಿಸಿದಾಗಲೇ ಆಕೆಗೆ ನಿಜವಾದ ಗೌರವ ಸಂದೀತು.

ಇನ್ನು ಶಿಕ್ಷಣದ ವಿಷಯ. ಅದರಲ್ಲಿ ಮಾಯವೂ ಇಲ್ಲ, ಮಂತ್ರವೂ ಇಲ್ಲ. ಮೊದಲನೆಯದು, ತನ್ನ ಸ್ಥಿತಿಯನ್ನು ತಾನೇ ಓದಿಕೊಳ್ಳುವ ಅಭ್ಯಾಸ. ರೋಗಿಯ ನಾಡಿ, ಉಸಿರು, ಕಾವುಗಳನ್ನು ಗಂಟೆಗಂಟೆಗೂ ಬರೆದಿಡುವವಳಿಗೆ ತನ್ನ ನಿದ್ದೆ ಕೆಟ್ಟಿರುವುದು, ನರಳಿಕೆ ಕೇಳಿದರೆ ಮರುಕದ ಬದಲು ಸಿಟ್ಟು ಬರುವುದು, ಡ್ಯೂಟಿಗೆ ಹೊರಡುವಾಗ ಎದೆ ಭಾರವಾಗುವುದು ಇವೂ ಲಕ್ಷಣಗಳೆಂದು ಯಾರಾದರೂ ಹೇಳಿಕೊಡಬೇಕು. ಎರಡನೆಯದು ದೇಹರಕ್ಷಣೆ: ರಾತ್ರಿಪಾಳಿಯ ಮರುದಿನ ಕೋಣೆಯನ್ನು ಕತ್ತಲೆ ಮಾಡಿಕೊಂಡು ನಿದ್ರಿಸುವುದು, ಡ್ಯೂಟಿಯ ನಡುವೆ ನೀರು ಕುಡಿಯುವುದು, ಹೊತ್ತಿಗೆ ಸರಿಯಾಗಿ ಉಣ್ಣುವುದು, ರೋಗಿಯನ್ನು ಎತ್ತುವಾಗ ಬೆನ್ನು ಕಾಪಾಡಿಕೊಳ್ಳುವುದು, ನಾಲ್ಕಾರು ನಿಮಿಷ ಕುಳಿತು ಉಸಿರನ್ನು ನಿಧಾನಕ್ಕೆ ತರುವುದು. ಮೂರನೆಯದು, ನೋವನ್ನು ಹಂಚಿಕೊಳ್ಳುವ ಪದ್ಧತಿ: ವಾರ್ಡಿನಲ್ಲಿ ಸಾವಾದ ದಿನ ಪಾಳಿ ಮುಗಿದ ಮೇಲೆ ಕಾಲುಗಂಟೆ ಒಟ್ಟಿಗೆ ಕುಳಿತು, ಯಾರ ತಪ್ಪೆಂದು ಹುಡುಕದೆ, ಮನಸ್ಸಿನಲ್ಲಿದ್ದುದನ್ನು ಆಡಿಕೊಳ್ಳುವುದು. ನಾಲ್ಕನೆಯದು, ನೆರವು ಕೇಳುವ ಧೈರ್ಯ. ಸಹಾಯ ಮಾಡುವುದನ್ನೇ ಕಲಿತವರಿಗೆ ಸಹಾಯ ಬೇಡುವುದು ಕಷ್ಟ. ಅದನ್ನು ಕಲಿಸಿಯೇ ತೀರಬೇಕು.

ಇದರಿಂದ ಪ್ರಯೋಜನವಿದೆಯೇ ಎಂಬ ಪ್ರಶ್ನೆಯನ್ನು ಪಂಡಿತರು ಪರೀಕ್ಷಿಸಿ ನೋಡಿದ್ದಾರೆ. ಕಾಕ್ರೇನ್ ಸಂಸ್ಥೆಯು 2023ರಲ್ಲಿ ಪ್ರಕಟಿಸಿದ ಸಮೀಕ್ಷೆಯೊಂದು ಆರೋಗ್ಯ ಕಾರ್ಯಕರ್ತರನ್ನು ಕುರಿತ ನೂರಕ್ಕೂ ಹೆಚ್ಚು ಅಧ್ಯಯನಗಳನ್ನು ಕೂಡಿಸಿ ನೋಡಿ, ಆಲೋಚನೆಯ ಬಗೆಯನ್ನು ತಿದ್ದಿಕೊಳ್ಳುವ ಶಿಕ್ಷಣವಾಗಲಿ, ಯೋಗ, ಧ್ಯಾನ, ವಿಶ್ರಾಂತಿಯ ಅಭ್ಯಾಸಗಳಾಗಲಿ ಒತ್ತಡವನ್ನು ತಕ್ಕಮಟ್ಟಿಗೆ ತಗ್ಗಿಸಬಲ್ಲವೆಂದೂ, ಆ ಫಲವು ಕೆಲವು ತಿಂಗಳುಗಳಿಂದ ಒಂದು ವರ್ಷದವರೆಗೆ ನಿಲ್ಲಬಹುದೆಂದೂ ಅಭಿಪ್ರಾಯಪಟ್ಟಿತು. ತಕ್ಕಮಟ್ಟಿಗೆ ಎಂಬ ಮಾತನ್ನು ಗಮನಿಸಬೇಕು. ಈ ಶಿಕ್ಷಣವು ಸರ್ವರೋಗಕ್ಕೆ ಸಿದ್ಧೌಷಧವಲ್ಲ. ಒಮ್ಮೆ ಕೊಟ್ಟು ಮರೆಯುವಂತಹುದೂ ಅಲ್ಲ.

ಮೊದಲ ಆಕ್ಷೇಪಕ್ಕೆ ಬರೋಣ. ಸೇವೆಗೆಂದು ಬಂದವರು ತಮ್ಮನ್ನು ತಾವು ನೋಡಿಕೊಳ್ಳುವುದು ಸ್ವಾರ್ಥವಲ್ಲವೇ? ಇದಕ್ಕೆ ಉತ್ತರವನ್ನು ಗಣಿನಾಡಿನವರು ಪುಸ್ತಕದಲ್ಲಿ ಹುಡುಕಬೇಕಾಗಿಲ್ಲ. ಗಣಿಯಲ್ಲಿ ಅಪಘಾತವಾಗಿ ವಿಷಗಾಳಿ ಹರಡಿದಾಗ ಒಳಗೆ ಸಿಕ್ಕಿಕೊಂಡವರನ್ನು ತರಲು ಇಳಿಯುವ ರಕ್ಷಣಾ ದಳವೊಂದು ಇರುತ್ತದೆ. ಆ ದಳದವರು ಇಳಿಯುವ ಮುನ್ನ ಮೊತ್ತಮೊದಲು ಪರೀಕ್ಷಿಸಿಕೊಳ್ಳುವುದು ತಮ್ಮ ಉಸಿರಾಟದ ಸಾಧನವನ್ನು. ಕೆಳಗೆ ಒಬ್ಬನು ಸಾಯುತ್ತಿದ್ದಾನೆಂದು ತಿಳಿದಿದ್ದರೂ ಆ ಪರೀಕ್ಷೆಯನ್ನು ಬಿಡುವಂತಿಲ್ಲ. ಒಳಹೊಕ್ಕ ಮೇಲೆಯೂ ನಾಯಕನು ಆಗಾಗ ಎಲ್ಲರನ್ನೂ ನಿಲ್ಲಿಸಿ, ಪ್ರತಿಯೊಬ್ಬರ ಬಳಿ ಎಷ್ಟು ಗಾಳಿ ಉಳಿದಿದೆಯೆಂದು ನೋಡುತ್ತಾನೆ. ಯಾರೂ ಒಬ್ಬಂಟಿಯಾಗಿ ಹೋಗುವಂತಿಲ್ಲ. ಒಳ್ಳೆಯ ಗಾಳಿಯಿರುವ ಸ್ಥಳದಲ್ಲಿ ಮತ್ತೊಂದು ದಳವು ಸಿದ್ಧವಾಗಿ ಕಾದಿರುತ್ತದೆ. ಈ ನಿಯಮಗಳನ್ನು ಯಾರೂ ಹೇಡಿತನವೆಂದು ಕರೆದದ್ದಿಲ್ಲ, ಸ್ವಾರ್ಥವೆಂದು ಹಳಿದದ್ದಿಲ್ಲ. ಉಸಿರುಗಟ್ಟಿ ಬಿದ್ದ ರಕ್ಷಕನು ರಕ್ಷಿಸಬೇಕಾದವರ ಸಂಖ್ಯೆಗೆ ಮತ್ತೊಂದನ್ನು ಕೂಡಿಸುತ್ತಾನೆ, ಅಷ್ಟೆ. ಅಂತರರಾಷ್ಟ್ರೀಯ ಶುಶ್ರೂಷಕರ ಮಂಡಲಿಯು 2021ರಲ್ಲಿ ಪರಿಷ್ಕರಿಸಿದ ತನ್ನ ನೀತಿಸಂಹಿತೆಯಲ್ಲಿ, ತನ್ನ ಘನತೆ ಆರೋಗ್ಯಗಳಿಗೆ ಬೆಲೆ ಕೊಡುವುದನ್ನೂ ಶುಶ್ರೂಷಕರ ಕರ್ತವ್ಯಗಳಲ್ಲಿ ಸೇರಿಸಿರುವುದು ಇದೇ ವಿವೇಕದಿಂದ.

ಎರಡನೆಯ ಆಕ್ಷೇಪವು ಹೆಚ್ಚು ತೂಕವುಳ್ಳದ್ದು. ಮೂವರು ಮಾಡಬೇಕಾದ ಕೆಲಸವನ್ನು ಒಬ್ಬಳಿಂದ ಮಾಡಿಸಿ, ಸಂಬಳವನ್ನು ತಡಮಾಡಿ, ರಜೆ ಕೇಳಿದರೆ ಹುಬ್ಬು ಗಂಟಿಕ್ಕಿ, ಕೊನೆಗೆ ವರ್ಷಕ್ಕೊಂದು ದಿನ ಆಕೆಯನ್ನು ಸಭಾಂಗಣದಲ್ಲಿ ಕೂರಿಸಿ ಉಸಿರನ್ನು ನಿಧಾನವಾಗಿ ಎಳೆದುಕೋ ಎಂದು ಬೋಧಿಸಿದರೆ ಅದು ಶಿಕ್ಷಣವಲ್ಲ, ಅಣಕ. ಭಾರದ ಹೊಣೆಯನ್ನು ಹೇರಿದವರಿಂದ ಹೊತ್ತವಳಿಗೆ ದಾಟಿಸುವ ಉಪಾಯವದು. ಇಲ್ಲಿಯೂ ಗಣಿಯೇ ಪಾಠ ಹೇಳುತ್ತದೆ. ಧೂಳಿನಿಂದ ರೋಗ ಬರುತ್ತದೆಂದು ತಿಳಿದಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿರೆಂದು ಹೇಳಿದ್ದರಷ್ಟೇ ಸಾಲುತ್ತಿರಲಿಲ್ಲ; ನೀರು ಹಾಯಿಸಿ ಬಂಡೆ ಕೊರೆಯುವ ಕ್ರಮವನ್ನು ತರಬೇಕಾಯಿತು. ಆಳದ ಕಾವು ಹೆಚ್ಚಿದಾಗ ತಾಳ್ಮೆಯನ್ನು ಬೋಧಿಸಿದರೆ ಸಾಲುತ್ತಿರಲಿಲ್ಲ. ತಂಪುಗೊಳಿಸಿದ ಗಾಳಿಯನ್ನು ಕೆಳಗಿಳಿಸುವ ಯಂತ್ರಗಳನ್ನು ಹೂಡಬೇಕಾಯಿತು. ರಕ್ಷಣಾ ದಳದವನಿಗೂ ತರಬೇತಿ ಬೇಕು, ಸಾಧನವೂ ಬೇಕು, ಬದಲಿ ದಳವೂ ಬೇಕು. ಮೂರರಲ್ಲಿ ಒಂದು ತಪ್ಪಿದರೂ ಉಳಿದೆರಡು ವ್ಯರ್ಥ.

ಆಸ್ಪತ್ರೆಯ ಬದಲಿ ದಳವೆಂದರೆ ಸಾಕಷ್ಟು ಸಂಖ್ಯೆಯ ಶುಶ್ರೂಷಕಿಯರು. ಭಾರತೀಯ ಶುಶ್ರೂಷಾ ಪರಿಷತ್ತು ಬೋಧಕ ಆಸ್ಪತ್ರೆಗಳ ಸಾಮಾನ್ಯ ವಾರ್ಡುಗಳಲ್ಲಿ 3 ಹಾಸಿಗೆಗಳಿಗೆ ಒಬ್ಬರು, ಇತರ ಆಸ್ಪತ್ರೆಗಳಲ್ಲಿ 5 ಹಾಸಿಗೆಗಳಿಗೆ ಒಬ್ಬರು ಎಂದು ಎಲ್ಲ ಪಾಳಿಗಳಿಗೂ ಸೇರಿದ ಲೆಕ್ಕವನ್ನು ಹಾಕಿ, ರಜೆಯ ಸಲುವಾಗಿ ಶೇಕಡಾ 30ರಷ್ಟು ಹೆಚ್ಚುವರಿ ಸಿಬ್ಬಂದಿಯಿರಬೇಕೆಂದೂ ಸೂಚಿಸಿದೆ. ಈ ಲೆಕ್ಕವನ್ನು ಕಾಗದದ ಮೇಲೆ ಒಪ್ಪದವರಿಲ್ಲ. ವಾರ್ಡಿನಲ್ಲಿ ಕಾಣುವುದು ವಿರಳ. 2002ರಲ್ಲಿ ಲಿಂಡಾ ಏಕೆನ್ ಮತ್ತು ಸಂಗಡಿಗರು ಅಮೆರಿಕದ ಪೆನ್ಸಿಲ್ವೇನಿಯ ರಾಜ್ಯದ ಆಸ್ಪತ್ರೆಗಳನ್ನು ಪರಿಶೀಲಿಸಿ ಪ್ರಕಟಿಸಿದ ಅಧ್ಯಯನವು ಪ್ರಸಿದ್ಧವಾಗಿದೆ. ಒಬ್ಬ ಶುಶ್ರೂಷಕಿಯ ಪಾಲಿಗೆ ಒಬ್ಬ ರೋಗಿ ಹೆಚ್ಚಾದಂತೆಲ್ಲ, ಶಸ್ತ್ರಚಿಕಿತ್ಸೆಯಾದವರು ಮೂವತ್ತು ದಿನಗಳೊಳಗೆ ಸಾಯುವ ಸಂಭವವು ಶೇಕಡಾ 7ರಷ್ಟು, ಶುಶ್ರೂಷಕಿಯು ಬಸವಳಿಯುವ ಸಂಭವವು ಶೇಕಡಾ 23ರಷ್ಟು ಏರುವುದು ಅಲ್ಲಿ ಕಂಡುಬಂದಿತು. ಅಂದರೆ ಆಕೆಯ ಬಳಲಿಕೆ ಆಕೆಯೊಬ್ಬಳ ಕಷ್ಟವಲ್ಲ. ಹಾಸಿಗೆಯ ಮೇಲಿರುವವನ ಪ್ರಾಣದ ಪ್ರಶ್ನೆ. ಸಂಬಳದ ವಿಷಯದಲ್ಲಿಯೂ ಸರ್ವೋಚ್ಚ ನ್ಯಾಯಾಲಯದ 2016ರ ಆದೇಶದಂತೆ ನೇಮಕವಾದ ಸಮಿತಿಯು, 50ಕ್ಕಿಂತ ಕಡಮೆ ಹಾಸಿಗೆಗಳ ಖಾಸಗಿ ಆಸ್ಪತ್ರೆಗಳಲ್ಲಿಯೂ ತಿಂಗಳಿಗೆ 20,000 ರೂಪಾಯಿಗೆ ಕಡಮೆಯಾಗಬಾರದೆಂದು ಶಿಫಾರಸು ಮಾಡಿತು. ಶಿಫಾರಸು ಶಿಫಾರಸಾಗಿಯೇ ಉಳಿದೆಡೆ ಯಾವ ಧ್ಯಾನವೂ ಮನಸ್ಸಿಗೆ ನೆಮ್ಮದಿಯನ್ನು ತರಲಾರದು.

ಹಾಗೆಂದು, ಎಲ್ಲ ಹುದ್ದೆಗಳೂ ತುಂಬುವ ತನಕ ಶಿಕ್ಷಣವನ್ನು ಮುಂದೂಡಬೇಕೆಂಬ ವಾದವೂ ಸರಿಯಲ್ಲ. ಯಂತ್ರ ಬರುವ ತನಕ ಬಟ್ಟೆಯೂ ಬೇಡವೆಂದಂತೆ ಅದು. ಅಲ್ಲದೆ ತನ್ನ ಬಳಲಿಕೆಯನ್ನು ಹೆಸರಿಟ್ಟು ಹೇಳಬಲ್ಲವಳೇ ಅದಕ್ಕೆ ಕಾರಣವಾದ ಕೊರತೆಯನ್ನೂ ಎತ್ತಿ ಹೇಳಬಲ್ಲಳು. ತನ್ನಲ್ಲಿಯೇ ದೋಷವಿದೆಯೆಂದು ಮೌನವಾಗಿ ಬೇಯುವವಳು ಏನನ್ನೂ ಕೇಳಲಾರಳು. ಈ ದೃಷ್ಟಿಯಿಂದ ಸರಿಯಾದ ಸ್ವರಕ್ಷಣೆಯ ಶಿಕ್ಷಣವು ಸುಧಾರಣೆಗೆ ಅಡ್ಡಿಯಲ್ಲ, ಅದರ ಮೊದಲ ಮೆಟ್ಟಿಲು. ಅದಕ್ಕೆ ಕೆಲವು ಕಟ್ಟಳೆಗಳು ಅವಶ್ಯ. ಅದು ಡ್ಯೂಟಿಯ ವೇಳೆಯೊಳಗೇ ನಡೆಯಬೇಕು, ರಜೆಯ ದಿನವನ್ನು ಕಸಿದುಕೊಂಡಲ್ಲ. ಕಿರಿಯರೊಡನೆ ಮೇಲ್ವಿಚಾರಕಿಯರೂ ಆ ಪಾಠಕ್ಕೆ ಕೂರಬೇಕು. ಅಲ್ಲಿ ಆಡಿದ ಮಾತು ಕಡತಕ್ಕೆ ಏರಬಾರದು. ಮೇಲಾಗಿ, ಅದು ಕಲಿಯುವವರ ಭಾಷೆಯಲ್ಲಿರಬೇಕು. ಊರಿಗಾಮಿನ ಬೀದಿಗಳಲ್ಲಿ ಕನ್ನಡ, ತಮಿಳು, ತೆಲುಗು, ಉರ್ದು ನಾಲ್ಕೂ ಕೇಳಿಬರುತ್ತವೆ. ಪರೀಕ್ಷೆಯ ಉತ್ತರವನ್ನು ಇಂಗ್ಲಿಷಿನಲ್ಲಿ ಬರೆಯಬಹುದು. ಎದೆಯ ನೋವು ಹೊರಬರುವುದು ತಾಯ ಮಾತಿನಲ್ಲಿಯೇ.

ಈ ವಿದ್ಯೆಯನ್ನು ಕಲಿಸುವವರನ್ನು ಹುಡುಕಿಕೊಂಡು ದೂರ ಹೋಗಬೇಕಾದುದೂ ಇಲ್ಲ. ಊರಿಗಾಮಿನ ರೈಲು ಮುಟ್ಟುವ ಬೆಂಗಳೂರಿನಲ್ಲಿಯೇ ನಿಮ್ಹಾನ್ಸ್ ಇದೆ. 1954ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಮೈಸೂರು ಸರ್ಕಾರದ ಹಳೆಯ ಮಾನಸಿಕ ಆಸ್ಪತ್ರೆಯೂ 1974ರಲ್ಲಿ ಕೂಡಿ ಆ ಹೆಸರನ್ನು ಪಡೆದವು. ಮನೋರೋಗಶುಶ್ರೂಷೆಯಲ್ಲಿ ದಾದಿಯರಿಗೆ ವಿಶೇಷ ಶಿಕ್ಷಣ ಕೊಡುವ ಕೆಲಸವು ಅಲ್ಲಿ 1950ರ ದಶಕದಲ್ಲಿಯೇ ಮೊದಲಾಯಿತು. 2022ರ ಅಕ್ಟೋಬರ್ 10ರಂದು ದೇಶದಾದ್ಯಂತ ಆರಂಭವಾದ ಟೆಲಿ ಮಾನಸ್ ಸೇವೆಗೂ ಅದೇ ಸಂಸ್ಥೆ ಕೇಂದ್ರಸ್ಥಾನ. 14416 ಎಂಬ ಸಂಖ್ಯೆಗೆ ಕರೆಮಾಡಿದರೆ ಯಾವ ಶುಲ್ಕವೂ ಇಲ್ಲದೆ ಕೇಳುವ ಕಿವಿಯೊಂದು ದೊರೆಯುತ್ತದೆ. ಪ್ರತಿಯೊಂದು ಆಸ್ಪತ್ರೆಯ ದಾದಿಯರ ಕೋಣೆಯ ಗೋಡೆಯ ಮೇಲೆ ಆ ಸಂಖ್ಯೆಯನ್ನು ಬರೆಸಲು ಖರ್ಚೇನು?

ಇಷ್ಟು ಹೇಳಿದ ಮೇಲೆ, ಇದಕ್ಕೂ ಶಾಲೆಗೂ ಏನು ಸಂಬಂಧವೆಂದು ಯಾರಾದರೂ ಕೇಳಬಹುದು. ಸಂಬಂಧವುಂಟು. ನಾಳೆ ದಾದಿಯರಾಗಿ ಬಿಳಿಯ ಉಡುಪನ್ನು ತೊಡಲಿರುವ ಹುಡುಗಿಯರು ಇಂದು ಪ್ರೌಢಶಾಲೆಯ ಬೆಂಚುಗಳ ಮೇಲೆ ಕುಳಿತಿದ್ದಾರೆ. ಅಳುವನ್ನು ನುಂಗಿಕೊಳ್ಳುವುದೇ ಒಳ್ಳೆಯ ಹುಡುಗಿಯ ಲಕ್ಷಣವೆಂದು ಅಲ್ಲಿ ಅವರಿಗೆ ಕಲಿಸಿದರೆ, ಮುಂದೆ ಯಾವ ತರಬೇತಿಯೂ ಆ ಪಾಠವನ್ನು ಅಳಿಸಲಾರದು. ದಣಿದಾಗ ದಣಿದೆನೆಂದು ಹೇಳುವುದು ಸೋಮಾರಿತನವಲ್ಲ ಎಂಬುದನ್ನು ಉಪಾಧ್ಯಾಯರು ಮಾತಿನಿಂದಲೂ ನಡೆಯಿಂದಲೂ ತೋರಿಸಿಕೊಡಬೇಕು. ಬೆಂಗಳೂರಿನಲ್ಲಿಯೂ ಹೊರನಾಡುಗಳಲ್ಲಿಯೂ ಒಳ್ಳೆಯ ಸ್ಥಾನಗಳಲ್ಲಿರುವ ಹಳೆಯ ವಿದ್ಯಾರ್ಥಿಗಳು ತಮ್ಮೂರಿನ ದಾದಿಯರಿಗಾಗಿ ವರ್ಷಕ್ಕೆರಡು ಶಿಬಿರಗಳನ್ನು ನಡೆಸಿಕೊಡಬಹುದು. ದಾನಿಗಳು ಆಸ್ಪತ್ರೆಗೆ ಯಂತ್ರ ಕೊಡುತ್ತಾರೆ, ಮಂಚ ಕೊಡುತ್ತಾರೆ, ಹೆಸರು ಕೆತ್ತಿದ ಕಲ್ಲನ್ನೂ ಹಾಕಿಸುತ್ತಾರೆ, ಎಲ್ಲವೂ ಸ್ತುತ್ಯವೇ. ರಾತ್ರಿಪಾಳಿಯ ದಾದಿ ಅರ್ಧಗಂಟೆ ಕಾಲು ಚಾಚಿ ಕುಳಿತುಕೊಳ್ಳಲು ಬಾಗಿಲುಳ್ಳ ಒಂದು ಕೋಣೆ, ಕುಡಿಯುವ ನೀರು, ಶುಚಿಯಾದ ಒಂದು ಶೌಚಾಲಯ, ಇವುಗಳನ್ನು ಕಟ್ಟಿಸಿಕೊಟ್ಟವರ ಪುಣ್ಯವು ಅದಕ್ಕಿಂತ ಕಡಮೆಯದಲ್ಲ. ಹಸಿದವರಿಗೆ ಬಡಿಸುವ ಕೈಯೂ ಹಸಿಯುತ್ತದೆಯೆಂದು ಬಲ್ಲವರಿಗೆ ದಾಸೋಹದ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಾಯಕ ಎಂಬ ಮಾತು ಈ ನಾಡಿನವರಿಗೆ ಮಂತ್ರಪ್ರಾಯವಾದುದು. ಶರಣರು ದುಡಿಮೆಯನ್ನು ಪೂಜೆಯ ಎತ್ತರಕ್ಕೆ ಏರಿಸಿದರೆಂದು ಹೆಮ್ಮೆಯಿಂದ ಹೇಳಿಕೊಳ್ಳಲಾಗುತ್ತದೆ. ಆದರೆ ಆ ಶಬ್ದದೊಳಗೆ ಕಾಯವೂ ಇದೆಯೆಂಬುದನ್ನು ಮರೆಯಬಾರದು. ಕಾಯವನ್ನು ದೇವಾಲಯವೆಂದು ಕಂಡವರ ನುಡಿಯದು. ಕಾಯವನ್ನು ಕೆಡಿಸಿಕೊಂಡು ಮಾಡುವುದೇ ಕಾಯಕವೆಂದು ಅವರು ಎಲ್ಲಿಯೂ ಹೇಳಿದವರಲ್ಲ. ಕಾಯಕದ ಹೆಸರಿನಲ್ಲಿ ಒಬ್ಬರ ಕಾಯವನ್ನು ಸವೆಸುವುದು ಆ ತತ್ತ್ವಕ್ಕೆ ಬಗೆದ ದ್ರೋಹ.

ಊರಿಗಾಮಿನ ನೆಲದಡಿಯಿಂದ ನೂರಾರು ಟನ್ನು ಚಿನ್ನ ಹೊರಬಂದಿತು. ಅದನ್ನು ತೆಗೆಯುವಾಗ ಎದೆಗಳಲ್ಲಿ ತುಂಬಿಕೊಂಡ ಧೂಳಿನ ಲೆಕ್ಕವನ್ನು ಲೋಕವು ಬಹಳ ತಡವಾಗಿ ಹಾಕಿತು. ಅಷ್ಟರಲ್ಲಿ ಎಷ್ಟೋ ಉಸಿರುಗಳು ನಿಂತುಹೋಗಿದ್ದವು. ಶುಶ್ರೂಷಕಿಯರ ವಿಷಯದಲ್ಲಿ ಮತ್ತೆ ಆ ತಪ್ಪು ಆಗಬಾರದು. ಬೆಳಗಿನ ರೈಲಿಗಾಗಿ ಊರಿಗಾಂ ನಿಲ್ದಾಣದ ಕತ್ತಲೆಯಲ್ಲಿ ಕಾದು ನಿಂತಿರುವ ಹೆಣ್ಣುಮಗಳನ್ನು, ಚೆನ್ನಾಗಿರುವೆಯಾ ತಾಯಿ, ರಾತ್ರಿ ನಿದ್ದೆ ಬಂತೇ ಎಂದು ಯಾರಾದರೂ ಕೇಳಬೇಕು; ಕೇಳಿ, ಆಕೆಯ ಉತ್ತರ ಮುಗಿಯುವ ತನಕ ನಿಂತಿರಬೇಕು. ಶುಶ್ರೂಷೆಯೆಂದರೆ ಅದೇ.